ಸೆಷನ್ ಏರ್ಪಟ್ಟಿದೆ, ಮಾರ್ಗಗಳು ಮಾತ್ರ ಬಂದಿಲ್ಲ: ಎಫ್‌ಆರ್‌ಆರ್ ರೂಟರಿನಲ್ಲಿ ಬಿಜಿಪಿ ದೋಷ ನಿವಾರಣೆ

ಬಿಜಿಪಿ ಎಂದರೆ ಯಾವ ವಿಳಾಸ ಯಾರ ಮೂಲಕ ಸಿಗುತ್ತದೆಂಬ ಮಾರ್ಗಗಳನ್ನು ಇಂಟರ್‌ನೆಟ್‌ನ ಜಾಲಗಳು ಪರಸ್ಪರ ತಿಳಿಸಿಕೊಳ್ಳುವ ಪ್ರೋಟೋಕಾಲ್; ಕ್ವಾಗಾ ಮತ್ತು ಅದರಿಂದ ಕವಲೊಡೆದ ಎಫ್‌ಆರ್‌ರೂಟಿಂಗ್ (ಎಫ್‌ಆರ್‌ಆರ್) ಲಿನಕ್ಸ್ ಯಂತ್ರವನ್ನು ರೂಟರ್ ಆಗಿಸುವ ತಂತ್ರಾಂಶಗಳು. ಹಳೆಯ ಕ್ವಾಗಾ ರೂಟರಿನ ಬಿಜಿಪಿ ಕಾನ್ಫಿಗ್ ಕಡತವನ್ನು ಒಂದಕ್ಷರವೂ ಬದಲಿಸದೆ ಹೊಸ ಲಿನಕ್ಸ್ ಯಂತ್ರದ ಎಫ್‌ಆರ್‌ರೂಟಿಂಗ್‌ಗೆ ತಂದಾಗ ನಮಗೆ ಎದುರಾದ ಸ್ಥಿತಿ ಹೀಗಿತ್ತು. ಮೊದಲ ಅಪ್‌ಸ್ಟ್ರೀಮ್‌ನೊಂದಿಗಿನ, ಅಂದರೆ ನಮಗೆ ಇಂಟರ್‌ನೆಟ್ ಒದಗಿಸುವ ಮೇಲಿನ ಜಾಲದೊಂದಿಗಿನ, ಸೆಷನ್ ಕೆಲವೇ ಸೆಕೆಂಡುಗಳಲ್ಲಿ ಏರ್ಪಟ್ಟಿತು, ಆದರೆ ಒಂದು ಮಾರ್ಗವೂ ಒಳಗೆ ಬರಲಿಲ್ಲ, ಒಂದೂ ಹೊರಗೆ ಹೋಗಲಿಲ್ಲ. ಎರಡನೆಯ ಅಪ್‌ಸ್ಟ್ರೀಮ್‌ನ ಸೆಷನ್ ಮೊದಲಿಗೆ ಏರ್ಪಡಲೇ ಇಲ್ಲ. ಕೊನೆಗೆ ಏರ್ಪಟ್ಟ ಮೇಲೆ ಮೂರು ನಿಮಿಷಕ್ಕೊಮ್ಮೆ ಬೀಳತೊಡಗಿತು. ಕಡತವನ್ನು ಎಷ್ಟು ಸಲ ಓದಿದರೂ ತಪ್ಪು ಸಿಗಲಿಲ್ಲ, ಏಕೆಂದರೆ ತಪ್ಪು ಬರೆದ ಸಾಲುಗಳಲ್ಲಿ ಇರಲಿಲ್ಲ. ನಾವು ಬರೆಯದೆ ಬಿಟ್ಟದ್ದನ್ನು ಡೀಮನ್ (ಹಿನ್ನೆಲೆಯಲ್ಲಿ ಓಡುವ ಬಿಜಿಪಿ ತಂತ್ರಾಂಶ) ಮತ್ತು ಕರ್ನಲ್ (ಲಿನಕ್ಸ್‌ನ ತಿರುಳು) ತಮ್ಮ ಡೀಫಾಲ್ಟ್‌ಗಳಿಂದ ತುಂಬಿಕೊಂಡಿದ್ದವು, ಮತ್ತು ಆ ಡೀಫಾಲ್ಟ್‌ಗಳು ಹಳೆಯ ಯಂತ್ರದವಾಗಿರಲಿಲ್ಲ.

ನಮ್ಮದು ಜಿಲ್ಲಾ ಕೇಂದ್ರವೊಂದರ ಸಣ್ಣ ಇಂಟರ್‌ನೆಟ್ ಸೇವೆ. ಭಾರತದಲ್ಲಿ ವಿಳಾಸ ಮತ್ತು ಎಎಸ್ ಸಂಖ್ಯೆಗಳನ್ನು (ಸ್ವತಂತ್ರ ಜಾಲಗಳ ಗುರುತು ಸಂಖ್ಯೆ) ಹಂಚುವ ಐಆರ್‌ಐಎನ್‌ಎನ್‌ನಿಂದ ಪಡೆದ ಒಂದು ಎಎಸ್ ಸಂಖ್ಯೆ, ಒಂದು /24 ಬ್ಲಾಕ್, ಎರಡು ಅಪ್‌ಸ್ಟ್ರೀಮ್ ಎಂಬಷ್ಟೇ ಅದರ ಗಾತ್ರ. ಇಲ್ಲಿ ನಿಜವಾದ ಸಂಖ್ಯೆಗಳ ಬದಲು ದಾಖಲೆಗಳ ಬಳಕೆಗೆಂದೇ ಮೀಸಲಿಟ್ಟ ಸಂಖ್ಯೆಗಳನ್ನು ಕೊಟ್ಟಿದ್ದೇನೆ: ನಮ್ಮ ಎಎಸ್ 64500, ನಮ್ಮ ಬ್ಲಾಕ್ 203.0.113.0/24, ಮೊದಲ ಅಪ್‌ಸ್ಟ್ರೀಮ್ ಎಎಸ್ 64496 ಮತ್ತು ಅದರ ವಿಳಾಸ 192.0.2.1, ಎರಡನೆಯದು ಎಎಸ್ 64499 ಮತ್ತು ಅದರ ವಿಳಾಸ 198.51.100.1. ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆದಿದೆ; ಎಫ್‌ಆರ್‌ಆರ್‌ಗೆ ಆದೇಶ ಕೊಡುವ ವಿಟಿವೈಶೆಲ್‌ನಲ್ಲಿ ಅವನ್ನು ಎಂದಿನ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ದೋಷ ಯಾವ ಹಂತದಲ್ಲಿದೆ

ಬಿಜಿಪಿ ಕೆಲಸ ಮಾಡುತ್ತಿಲ್ಲ ಎಂಬ ಒಂದೇ ದೂರಿನ ಹಿಂದೆ ಐದು ಬೇರೆ ಬೇರೆ ದೋಷಗಳು ಅಡಗಿರಬಹುದು. 179ನೇ ಪೋರ್ಟಿನ ಟಿಸಿಪಿ ಸಂಪರ್ಕವೇ ಆಗದಿರಬಹುದು. ಸಂಪರ್ಕವಾದರೂ ಎರಡು ರೂಟರ್‌ಗಳು ಪರಿಚಯ ಹೇಳಿಕೊಳ್ಳುವ ಓಪನ್ ಸಂದೇಶದ ಹಂತದಲ್ಲಿ ಮುರಿಯಬಹುದು. ಸೆಷನ್ ಏರ್ಪಟ್ಟರೂ ಮಾರ್ಗಗಳನ್ನು ಫಿಲ್ಟರ್ ತಡೆದಿರಬಹುದು. ಮಾರ್ಗಗಳು ಬಂದರೂ ನೆಕ್ಸ್ಟ್‌ಹಾಪ್ (ಮುಂದಿನ ರೂಟರಿನ ವಿಳಾಸ) ಸಿಗದೆ ಆಯ್ಕೆಯಾಗದಿರಬಹುದು. ಎಲ್ಲವೂ ಸರಿಯಿದ್ದು ಕರ್ನಲ್ ಪ್ಯಾಕೆಟ್‌ಗಳನ್ನು ಬೀಳಿಸುತ್ತಿರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯುವ ಮೊದಲು ಕಾನ್ಫಿಗ್‌ನಲ್ಲಿ ಕೈಯಾಡಿಸಿದರೆ ಒಂದು ದೋಷದ ಜಾಗದಲ್ಲಿ ಎರಡಾಗುತ್ತವೆ. ಹಾಗಾಗಿ ಮೊದಲ ಆದೇಶ ಯಾವಾಗಲೂ ‘ಶೋ ಬಿಜಿಪಿ ಸಮ್ಮರಿ’. ಅದರ ಕೊನೆಯ ಕಾಲಂಗಳಲ್ಲಿ ಅಂಕಿ ಕಂಡರೆ ಸೆಷನ್ ಏರ್ಪಟ್ಟಿದೆ ಮತ್ತು ಅಷ್ಟು ಪ್ರಿಫಿಕ್ಸ್‌ಗಳು (ಮಾರ್ಗಗಳ ವಿಳಾಸ ಬ್ಲಾಕ್‌ಗಳು) ಬಂದಿವೆ ಅಥವಾ ಹೋಗಿವೆ ಎಂದರ್ಥ; ಪದ ಕಂಡರೆ ಆ ಪದವನ್ನೇ ಹಿಡಿದು ಮುಂದಕ್ಕೆ ಹೋಗಬೇಕು.

ಇಲ್ಲಿ ಒಂದು ಎಚ್ಚರಿಕೆ. ‘ಆಕ್ಟಿವ್’ ಎಂಬ ಪದವನ್ನು ನೋಡಿ ಸೆಷನ್ ಸಕ್ರಿಯವಾಗಿದೆ ಎಂದು ನೆಮ್ಮದಿಯಿಂದ ಮಲಗಿದವರನ್ನು ನಾನು ಬಲ್ಲೆ. ಬಿಜಿಪಿಯಲ್ಲಿ ಆಕ್ಟಿವ್ ಎಂದರೆ ಸಂಪರ್ಕಕ್ಕಾಗಿ ಇನ್ನೂ ಪ್ರಯತ್ನ ನಡೆದಿದೆ, ಆದರೆ ಸಿಕ್ಕಿಲ್ಲ ಎಂದೇ ಅರ್ಥ.

ಆವರಣದೊಳಗಿನ ‘ಪಾಲಿಸಿ’ ಎಂಬ ಪದ

ಮೊದಲ ಅಪ್‌ಸ್ಟ್ರೀಮ್‌ನ ಸಾಲಿನಲ್ಲಿ ನಮಗೆ ಅಂಕಿಯೂ ಕಾಣಲಿಲ್ಲ, ಸ್ಥಿತಿಯ ಹೆಸರೂ ಕಾಣಲಿಲ್ಲ. ಆವರಣ ಚಿಹ್ನೆಯೊಳಗೆ ‘ಪಾಲಿಸಿ’ ಎಂಬ ಪದ ಕಂಡಿತು. ‘ಶೋ ಬಿಜಿಪಿ ನೇಬರ್ಸ್ 192.0.2.1’ ಎಂದು ಕೇಳಿದಾಗ, ಪಾಲಿಸಿ (ಯಾವ ಮಾರ್ಗವನ್ನು ಒಪ್ಪಬೇಕು, ಯಾವುದನ್ನು ತಡೆಯಬೇಕು ಎಂಬ ನಿಯಮ) ಇಲ್ಲದ ಕಾರಣ ಒಳಬರುವ ಹಾಗೂ ಹೊರಹೋಗುವ ಅಪ್‌ಡೇಟ್‌ಗಳನ್ನು ಕೈಬಿಡಲಾಗಿದೆ ಎಂಬ ಎರಡು ಸಾಲುಗಳು ಸ್ಪಷ್ಟವಾಗಿ ಸಿಕ್ಕವು.

2017ರ ಜುಲೈಯಲ್ಲಿ ಪ್ರಕಟವಾದ ಇಂಟರ್‌ನೆಟ್ ಮಾನದಂಡದ ದಾಖಲೆ ಆರ್‌ಎಫ್‌ಸಿ 8212ರ ಪ್ರಕಾರ, ಬೇರೆ ಎಎಸ್‌ನೊಂದಿಗಿನ ಸೆಷನ್‌ನಲ್ಲಿ ಯಾವ ನಿಯಮವನ್ನೂ ಬರೆಯದಿದ್ದರೆ ರೂಟರ್ ಯಾವ ಮಾರ್ಗವನ್ನೂ ಸ್ವೀಕರಿಸಬಾರದು, ಯಾವುದನ್ನೂ ಸಾರಬಾರದು. ಅದಕ್ಕೂ ಹಿಂದಿನ ವಾಡಿಕೆ ಇದಕ್ಕೆ ತದ್ವಿರುದ್ಧ: ನಿಯಮವಿಲ್ಲದಿದ್ದರೆ ಎಲ್ಲವೂ ಸರಾಗ. ಎಫ್‌ಆರ್‌ಆರ್ 7.4ರಿಂದ ‘ಬಿಜಿಪಿ ಇಬಿಜಿಪಿ-ರಿಕ್ವೈರ್ಸ್-ಪಾಲಿಸಿ’ ಎಂಬ ಆಯ್ಕೆಯನ್ನು ಸಾಂಪ್ರದಾಯಿಕ ಪ್ರೊಫೈಲ್‌ನಲ್ಲಿ (ಪ್ರೊಫೈಲ್ ಎಂದರೆ ಡೀಫಾಲ್ಟ್‌ಗಳ ಒಂದು ಸಿದ್ಧ ಗುಂಪು) ಡೀಫಾಲ್ಟ್ ಆಗಿ ಜಾರಿಗೊಳಿಸಲಾಗಿದೆ. ಡೀಫಾಲ್ಟ್ ಆದ್ದರಿಂದಲೇ ‘ಶೋ ರನ್ನಿಂಗ್-ಕಾನ್ಫಿಗ್’ ಅದನ್ನು ತೋರಿಸುವುದಿಲ್ಲ. ನಮ್ಮನ್ನು ಅರ್ಧ ಗಂಟೆ ದಿಕ್ಕು ತಪ್ಪಿಸಿದ್ದು ಇದೇ.

ಇದಕ್ಕೆ ಸಂಬಂಧಿಸಿದ ಇನ್ನೊಂದು ಸೂಕ್ಷ್ಮವಿದೆ. ಎಫ್‌ಆರ್‌ಆರ್ ತನ್ನ ಕಡತದ ತಲೆಯಲ್ಲಿ ‘ಎಫ್‌ಆರ್‌ಆರ್ ವರ್ಷನ್’ ಮತ್ತು ‘ಎಫ್‌ಆರ್‌ಆರ್ ಡೀಫಾಲ್ಟ್ಸ್’ ಎಂಬ ಎರಡು ಸಾಲುಗಳನ್ನು ಬರೆದಿಡುತ್ತದೆ, ಮತ್ತು ಯಾವ ಆವೃತ್ತಿಯ, ಯಾವ ಪ್ರೊಫೈಲ್‌ನ ಡೀಫಾಲ್ಟ್‌ಗಳನ್ನು ಪಾಲಿಸಬೇಕೆಂಬುದನ್ನು ಆ ಸಾಲುಗಳಿಂದಲೇ ನಿರ್ಧರಿಸುತ್ತದೆ. ಹೀಗಾಗಿ 7.2ರ ಕಾಲದ ಕಡತವನ್ನು ಆ ಸಾಲಿನ ಸಮೇತ ತಂದರೆ ಹಳೆಯ ವರ್ತನೆ ಉಳಿಯುತ್ತದೆ, ಅದೇ ಕಡತವನ್ನು ಆ ಸಾಲಿಲ್ಲದೆ ತಂದರೆ ಹೊಸ ವರ್ತನೆ ಬರುತ್ತದೆ. ನಮ್ಮ ಕಡತ ಕ್ವಾಗಾದ್ದು. ಅದರಲ್ಲಿ ಆ ಸಾಲು ಇರಲು ಸಾಧ್ಯವೇ ಇರಲಿಲ್ಲ. ಒಂದೇ ಕಡತ ಗೆಳೆಯರ ಯಂತ್ರದಲ್ಲಿ ನಡೆಯುತ್ತದೆ, ನಮ್ಮದರಲ್ಲಿ ನಡೆಯುವುದಿಲ್ಲ ಎಂಬ ದೂರು ಬಂದಾಗ ಮೊದಲು ಈ ಎರಡು ಸಾಲುಗಳನ್ನು ಹೋಲಿಸಿ ನೋಡುವುದು ಒಳ್ಳೆಯದು.

ಪರಿಹಾರವೆಂದು ಮೂರು ದಾರಿಗಳು ಕಣ್ಣಿಗೆ ಬೀಳುತ್ತವೆ. ಆಯ್ಕೆಯ ಮುಂದೆ ‘ನೋ’ ಸೇರಿಸಿ ಅದನ್ನು ರದ್ದುಮಾಡುವುದು ಒಂದು. ‘ಎಫ್‌ಆರ್‌ಆರ್ ಡೀಫಾಲ್ಟ್ಸ್ ಡೇಟಾಸೆಂಟರ್’ ಎಂದು ಪ್ರೊಫೈಲನ್ನೇ ಬದಲಿಸುವುದು ಇನ್ನೊಂದು. ಇದು ಪಾಲಿಸಿಯ ಕಡ್ಡಾಯವನ್ನು ತೆಗೆಯುವುದರ ಜೊತೆಗೆ ಕೀಪ್‌ಅಲೈವ್ (ಬದುಕಿದ್ದೇನೆ ಎಂಬ ಸಂದೇಶ ಕಳುಹಿಸುವ) ಮತ್ತು ಹೋಲ್ಡ್ (ಸಂದೇಶ ಬಾರದಿದ್ದರೆ ಸೆಷನ್ ಕೆಡವುವ ಮುನ್ನ ಕಾಯುವ) ಅವಧಿಗಳನ್ನು 60 ಮತ್ತು 180 ಸೆಕೆಂಡುಗಳಿಂದ 3 ಮತ್ತು 9ಕ್ಕೆ ಇಳಿಸುತ್ತದೆ, ಮತ್ತು ಎರಡೂ ಕಡೆಯವರು ಹೇಳಿದ ಹೋಲ್ಡ್ ಅವಧಿಗಳಲ್ಲಿ ಚಿಕ್ಕದೇ ಜಾರಿಗೆ ಬರುವುದರಿಂದ, ಮಳೆಗಾಲದಲ್ಲಿ ತಡವರಿಸುವ ರೇಡಿಯೊ ಲಿಂಕಿನ ಮೇಲೆ ಇದೊಂದು ಹೊಸ ತಲೆನೋವು. ಮೂರನೆಯದು ನಿಯಮಗಳನ್ನು ನಿಜವಾಗಿ ಬರೆಯುವುದು. ಎರಡು ಅಪ್‌ಸ್ಟ್ರೀಮ್ ಇರುವವರಿಗೆ ಮೂರನೆಯದನ್ನು ಬಿಟ್ಟು ಬೇರೆ ದಾರಿಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಹೊರಹೋಗುವ ನಿಯಮವಿಲ್ಲದ ರೂಟರ್ ಒಂದು ಅಪ್‌ಸ್ಟ್ರೀಮ್‌ನಿಂದ ಕಲಿತ ಇಡೀ ಇಂಟರ್‌ನೆಟ್ಟನ್ನು ಮತ್ತೊಂದಕ್ಕೆ ತನ್ನ ಮೂಲಕ ಸಿಗುತ್ತದೆಂದು ಸಾರಿಬಿಡುತ್ತದೆ. ಐಪಿವಿ4ರ ಜಾಗತಿಕ ಕೋಷ್ಟಕ ಈಗ ಒಂಬತ್ತು ಲಕ್ಷ ಮಾರ್ಗಗಳನ್ನು ದಾಟಿದೆ. ಜಿಲ್ಲಾ ಕೇಂದ್ರದ ಲಿಂಕೊಂದು ಅದರ ಸಂಚಾರದ ಸಣ್ಣ ಪಾಲನ್ನೂ ತಾಳಲಾರದು. 2008ರ ಫೆಬ್ರವರಿ 24ರಂದು ಪಾಕಿಸ್ತಾನದ ದೂರಸಂಪರ್ಕ ಸಂಸ್ಥೆಯೊಂದು ದೇಶದೊಳಗಿನ ತಡೆಗೆಂದು ಮಾಡಿಕೊಂಡ ಯೂಟ್ಯೂಬ್‌ನ ಒಂದು /24 ಮಾರ್ಗ ಹೊರಗೆ ಸೋರಿತು, ಅದರ ಅಪ್‌ಸ್ಟ್ರೀಮ್ ಅದನ್ನು ಸೋಸದೆ ಮುಂದಕ್ಕೆ ಬಿಟ್ಟಿತು, ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಕೆಲ ಹೊತ್ತು ಸಿಗದಾಯಿತು. ಎರಡೂ ಕಡೆ ಕೊರತೆಯಾಗಿದ್ದದ್ದು ಬರೆಯಬೇಕಿದ್ದ ಒಂದೆರಡು ಸಾಲುಗಳೇ.

ನಾವು ಬರೆದ ಹೊರಹೋಗುವ ನಿಯಮ ಇಷ್ಟು (ಪ್ರಿಫಿಕ್ಸ್-ಲಿಸ್ಟ್ ಎಂದರೆ ವಿಳಾಸ ಬ್ಲಾಕ್‌ಗಳ ಪಟ್ಟಿ, ರೂಟ್-ಮ್ಯಾಪ್ ಎಂದರೆ ಆ ಪಟ್ಟಿಯನ್ನು ಬಳಸುವ ನಿಯಮ):

ಐಪಿ ಪ್ರಿಫಿಕ್ಸ್-ಲಿಸ್ಟ್ ನಮ್ಮವು ಸೀಕ್ 5 ಪರ್ಮಿಟ್ 203.0.113.0/24
ರೂಟ್-ಮ್ಯಾಪ್ ಹೊರಗೆ ಪರ್ಮಿಟ್ 10
ಮ್ಯಾಚ್ ಐಪಿ ಅಡ್ರೆಸ್ ಪ್ರಿಫಿಕ್ಸ್-ಲಿಸ್ಟ್ ನಮ್ಮವು

ಬಳಿಕ ಬಿಜಿಪಿಯ ಐಪಿವಿ4 ಯೂನಿಕಾಸ್ಟ್ ವಿಭಾಗದಲ್ಲಿ ‘ನೇಬರ್ 192.0.2.1 ರೂಟ್-ಮ್ಯಾಪ್ ಹೊರಗೆ ಔಟ್’ ಎಂದು ಅದನ್ನು ಜೋಡಿಸಿದೆವು. ಪ್ರಿಫಿಕ್ಸ್-ಲಿಸ್ಟ್ ಮತ್ತು ರೂಟ್-ಮ್ಯಾಪ್ ಎರಡರ ಕೊನೆಯಲ್ಲೂ, ಬರೆಯದಿದ್ದರೂ, ಉಳಿದದ್ದೆಲ್ಲಕ್ಕೂ ತಡೆ ಎಂಬ ಸಾಲು ಇದ್ದೇ ಇರುತ್ತದೆ. ಇಲ್ಲಿ ನಮಗೆ ಬೇಕಾದದ್ದೂ ಅದೇ.

ಒಳಬರುವ ನಿಯಮದಲ್ಲಿ ಅದೇ ಕಾಣದ ಸಾಲು ನಮ್ಮ ಕಾಲಿಗೆ ತೊಡಕಾಯಿತು. ಖಾಸಗಿ ವಿಳಾಸಗಳನ್ನೂ ನಮ್ಮದೇ ಬ್ಲಾಕನ್ನೂ ತಡೆದು, ಉಳಿದದ್ದನ್ನು ಬಿಡಲೆಂದು ಕೊನೆಗೆ ‘ಪರ್ಮಿಟ್ 0.0.0.0/0’ ಎಂದು ಬರೆದಿದ್ದೆವು. ಪ್ರಿಫಿಕ್ಸ್-ಲಿಸ್ಟ್‌ನ ಭಾಷೆಯಲ್ಲಿ ಈ ಸಾಲಿನ ಅರ್ಥ ‘ಎಲ್ಲ ಮಾರ್ಗಗಳು’ ಎಂದಲ್ಲ, ಶೂನ್ಯ ಉದ್ದದ ಆ ಒಂದೇ ಡೀಫಾಲ್ಟ್ ಮಾರ್ಗ ಎಂದು. ಸಮ್ಮರಿಯಲ್ಲಿ ‘ಪಾಲಿಸಿ’ ಹೋಗಿ ಸೊನ್ನೆ ಬಂತು. ‘ಪರ್ಮಿಟ್ 0.0.0.0/0 ಎಲ್ಇ 24’, ಅಂದರೆ 24ರವರೆಗಿನ ಯಾವ ಉದ್ದವಾದರೂ ಸರಿ, ಎಂದು ತಿದ್ದಿ, ಸೆಷನ್ನನ್ನು ಕೆಡವದೆ ‘ಕ್ಲಿಯರ್ ಬಿಜಿಪಿ 192.0.2.1 ಸಾಫ್ಟ್ ಇನ್’ ಕೊಟ್ಟ ಮೇಲೆ ಮಾರ್ಗಗಳು ಹರಿದು ಬಂದವು. ಇಂಥ ಸೊನ್ನೆಗೆ ಇನ್ನೊಂದು ಕಾರಣವೂ ಉಂಟು: ನೇಬರ್ ಸಾಲಿನಲ್ಲಿ ರೂಟ್-ಮ್ಯಾಪ್‌ನ ಹೆಸರನ್ನು ಒಂದಕ್ಷರ ತಪ್ಪಿ ಬರೆದರೆ ಡೀಮನ್ ಆಕ್ಷೇಪಿಸುವುದಿಲ್ಲ, ಇಲ್ಲದ ಮ್ಯಾಪ್ ಎಂದರೆ ಎಲ್ಲಕ್ಕೂ ತಡೆ ಎಂದು ತಿಳಿದು ಸುಮ್ಮನಿರುತ್ತದೆ. ‘ಶೋ ರೂಟ್-ಮ್ಯಾಪ್’ ತೋರಿಸುವ ಬಳಕೆಯ ಎಣಿಕೆ ಏರುತ್ತಿಲ್ಲವಾದರೆ ಹೆಸರಿನ ಮೇಲೆ ಅನುಮಾನ ಪಡಬೇಕು.

ನಮ್ಮ ಬ್ಲಾಕ್ ಹೊರಗೆ ಕಾಣದಿದ್ದಾಗ

ಒಳಗೆ ಮಾರ್ಗಗಳು ತುಂಬಿದರೂ ಕಳುಹಿಸಿದ ಪ್ರಿಫಿಕ್ಸ್‌ಗಳ ಕಾಲಂನಲ್ಲಿ ಸೊನ್ನೆಯೇ ಉಳಿಯಿತು. ‘ನೆಟ್‌ವರ್ಕ್ 203.0.113.0/24’ ಎಂಬ ಸಾಲು ಕಡತದಲ್ಲಿ ಕಣ್ಣಿಗೆ ಕಾಣುವಂತೆಯೇ ಇತ್ತು. ‘ಶೋ ಬಿಜಿಪಿ ಐಪಿವಿ4 ಯೂನಿಕಾಸ್ಟ್ 203.0.113.0/24’ ಎಂದು ಕೇಳಿದಾಗ, ಇಂಪೋರ್ಟ್-ಚೆಕ್ ಜಾರಿಯಲ್ಲಿದೆ, ಈ ಮಾರ್ಗ ತಲುಪಲಾಗದ್ದು ಎಂಬ ಟಿಪ್ಪಣಿ ಸಿಕ್ಕಿತು. ಇದೂ 7.4ರಿಂದ ಡೀಫಾಲ್ಟ್ ಆದದ್ದೇ. ನೆಟ್‌ವರ್ಕ್ ಸಾಲಿನಲ್ಲಿ ಬರೆದ ಪ್ರಿಫಿಕ್ಸ್, ಉದ್ದವೂ ಸೇರಿ ತದ್ರೂಪವಾಗಿ, ಎಫ್‌ಆರ್‌ಆರ್‌ನಲ್ಲಿ ಮಾರ್ಗಗಳನ್ನು ಕರ್ನಲ್‌ಗೆ ಒಪ್ಪಿಸುವ ಜೀಬ್ರಾದ ಮಾರ್ಗ ಕೋಷ್ಟಕದಲ್ಲಿ ಇದ್ದರೆ ಮಾತ್ರ ಬಿಜಿಪಿ ಅದನ್ನು ಸಾರುತ್ತದೆ. ನಾವು ನಮ್ಮ /24 ಅನ್ನು ಗ್ರಾಹಕರಿಗಾಗಿ /26 ಮತ್ತು /27 ತುಂಡುಗಳಾಗಿ ಹಂಚಿಕೊಂಡಿದ್ದೆವು. ತುಂಡುಗಳೆಲ್ಲ ಕೋಷ್ಟಕದಲ್ಲಿದ್ದವು, ಇಡಿಯಾದ /24 ಎಲ್ಲಿಯೂ ಇರಲಿಲ್ಲ.

ಇಲ್ಲಿಯೂ ಪರೀಕ್ಷೆಯನ್ನು ರದ್ದುಮಾಡುವುದಕ್ಕಿಂತ ಆಧಾರ ಮಾರ್ಗವೊಂದನ್ನು ಬರೆಯುವುದು ಮೇಲು: ‘ಐಪಿ ರೂಟ್ 203.0.113.0/24 ಬ್ಲ್ಯಾಕ್‌ಹೋಲ್’. ಹೆಚ್ಚು ಉದ್ದದ ಪ್ರಿಫಿಕ್ಸ್‌ಗೇ ಯಾವಾಗಲೂ ಆದ್ಯತೆ ಇರುವುದರಿಂದ ಗ್ರಾಹಕರ ಸಂಚಾರ ತನ್ನ ತುಂಡಿನ ದಾರಿಯಲ್ಲೇ ಹೋಗುತ್ತದೆ. ಯಾರಿಗೂ ಕೊಡದ ವಿಳಾಸಗಳಿಗೆ ಬಂದ ಪ್ಯಾಕೆಟ್‌ಗಳು ಮಾತ್ರ ಇಲ್ಲಿ ಬಿದ್ದುಹೋಗುತ್ತವೆ, ಇಲ್ಲದಿದ್ದರೆ ಅವು ಡೀಫಾಲ್ಟ್ ಮಾರ್ಗ ಹಿಡಿದು ನಮ್ಮ ಮತ್ತು ಅಪ್‌ಸ್ಟ್ರೀಮ್‌ನ ನಡುವೆ ಸುತ್ತು ಹೊಡೆಯುತ್ತಿದ್ದವು.

ಎರಡನೆಯ ಅಪ್‌ಸ್ಟ್ರೀಮ್: ಉತ್ತರವೇ ಬಾರದ ಕರೆ

ಸಮ್ಮರಿಯಲ್ಲಿ ಆಕ್ಟಿವ್ ಅಥವಾ ಕನೆಕ್ಟ್ ಎಂದೇ ಇರುವಾಗ ಕಾನ್ಫಿಗ್ ಕಡತದ ಮುಂದೆ ಕೂರುವ ಬದಲು ಹೋಗಿ ಬರುವ ಪ್ಯಾಕೆಟ್‌ಗಳನ್ನು ತೋರಿಸುವ ‘ಟಿಸಿಪಿಡಂಪ್’ ತೆರೆದು 179ನೇ ಪೋರ್ಟನ್ನು ನೋಡುವುದು ವೇಗದ ದಾರಿ. ಸಂಪರ್ಕ ಕೋರುವ ನಮ್ಮ ಸಿನ್ ಪ್ಯಾಕೆಟ್‌ಗೆ ನಿರಾಕರಣೆಯ ರೀಸೆಟ್ ಬಂದರೆ ಆ ಕಡೆ ಆಲಿಸುವವರಿಲ್ಲ. ನಮ್ಮದೇ ಕಡೆ ರೀಸೆಟ್ ಕಳುಹಿಸುತ್ತಿದ್ದರೆ ‘ಡೀಮನ್ಸ್’ ಕಡತದಲ್ಲಿ ಬಿಜಿಪಿಡಿಯ (ಬಿಜಿಪಿ ಡೀಮನ್) ಎದುರು ‘ನೋ’ ಎಂದೇ ಉಳಿದಿರಬಹುದು, ಅದೂ ಅಲ್ಲಿನ ಡೀಫಾಲ್ಟ್. ಉತ್ತರವೇ ಇಲ್ಲದಿದ್ದರೆ ದಾರಿಯಲ್ಲಿ ಫೈರ್‌ವಾಲ್ ಇದೆ, ಅಥವಾ ಎಂಡಿ5 ಪಾಸ್‌ವರ್ಡ್ ಹೊಂದುತ್ತಿಲ್ಲ. ಪಾಸ್‌ವರ್ಡ್ ಹೊಂದದಿದ್ದಾಗ ತಪ್ಪು ಸಹಿಯ ಪ್ಯಾಕೆಟನ್ನು ಪಡೆದ ಕಡೆಯ ಕರ್ನಲ್ ಸದ್ದಿಲ್ಲದೆ ಎಸೆಯುತ್ತದೆ, ಬಿಜಿಪಿ ಡೀಮನ್‌ಗೆ ಸುದ್ದಿಯೂ ಮುಟ್ಟುವುದಿಲ್ಲ, ಕುರುಹು ಸಿಗುವುದು ಕರ್ನಲ್ ಲಾಗ್‌ನಲ್ಲಿ. ನೆರೆಯ ರೂಟರ್ ನೇರ ಲಿಂಕಿನಲ್ಲಿ ಇಲ್ಲದೆ ಒಂದು ಹೆಜ್ಜೆ ಆಚೆಗಿದ್ದರೆ, ಬೇರೆ ಎಎಸ್‌ಗೆ ಹೋಗುವ ಬಿಜಿಪಿ ಪ್ಯಾಕೆಟ್‌ಗಳ ಟಿಟಿಎಲ್ (ಎಷ್ಟು ಹೆಜ್ಜೆ ಹೋಗಬಹುದೆಂಬ ಮಿತಿ) ಡೀಫಾಲ್ಟ್ ಆಗಿ 1 ಇರುವುದರಿಂದ ‘ಇಬಿಜಿಪಿ-ಮಲ್ಟಿಹಾಪ್’ ಬೇಕಾಗುತ್ತದೆ.

ನಮ್ಮಲ್ಲಿ ಇವು ಯಾವುವೂ ಅಲ್ಲ. ಟಿಸಿಪಿಡಂಪ್‌ನಲ್ಲಿ ಕರೆಗಳು 198.51.100.3ರಿಂದ ಹೊರಡುತ್ತಿದ್ದವು, ಆದರೆ ಅಪ್‌ಸ್ಟ್ರೀಮ್ ಬಲ್ಲ ನಮ್ಮ ವಿಳಾಸ 198.51.100.2. ಹೊಸ ಯಂತ್ರವನ್ನು ಪರೀಕ್ಷಿಸಲೆಂದು ಅದೇ ಸಬ್‌ನೆಟ್‌ನ ತಾತ್ಕಾಲಿಕ ವಿಳಾಸವನ್ನು ಮೊದಲು ಕೊಟ್ಟು, ಹಳೆಯ ರೂಟರನ್ನು ಆಫ್ ಮಾಡಿದ ಮೇಲೆ ಅದರ ವಿಳಾಸವನ್ನು ಎರಡನೆಯದಾಗಿ ಸೇರಿಸಿದ್ದೆವು. ಒಂದೇ ಸಬ್‌ನೆಟ್‌ನ ಎರಡು ವಿಳಾಸಗಳಿದ್ದರೆ ಲಿನಕ್ಸ್ ಮೊದಲು ಸೇರಿಸಿದ್ದನ್ನೇ ಮೂಲ ವಿಳಾಸವಾಗಿ ಬಳಸುತ್ತದೆ. ಆ ಕಡೆಯವರು ನಮ್ಮನ್ನು ಕರೆದಿದ್ದರೆ ಸೆಷನ್ ಹೇಗೋ ಏರ್ಪಟ್ಟು ಈ ದೋಷ ಮುಚ್ಚಿಹೋಗುತ್ತಿತ್ತು, ಆದರೆ ಅವರು ತಮ್ಮ ರೂಟರನ್ನು ಪ್ಯಾಸಿವ್ ಆಗಿ ಇಟ್ಟಿದ್ದರು, ಅಂದರೆ ಕರೆ ಬರುವವರೆಗೆ ಕಾಯುವುದಷ್ಟೇ ಅದರ ಕೆಲಸ. ‘ನೇಬರ್ 198.51.100.1 ಅಪ್‌ಡೇಟ್-ಸೋರ್ಸ್ 198.51.100.2’ ಎಂಬ ಒಂದು ಸಾಲು ಸಾಕಾಯಿತು. ತಾತ್ಕಾಲಿಕ ವಿಳಾಸವನ್ನು ತೆಗೆದರೂ ಸರಿಹೋಗುತ್ತಿತ್ತು. ಆದರೂ ಈ ಸಾಲು ಇರಲಿ ಎಂದು ಬಿಟ್ಟೆವು.

ಮೂರು ನಿಮಿಷಕ್ಕೊಮ್ಮೆ ಬೀಳುವ ಸೆಷನ್

ಇದಾದ ಮೇಲೆ ಸೆಷನ್ ಏರ್ಪಟ್ಟಿತು, ಸರಿಯಾಗಿ 180 ಸೆಕೆಂಡಿಗೆ ಬಿತ್ತು, ಮತ್ತೆ ಎದ್ದಿತು, ಮತ್ತೆ ಬಿತ್ತು. ನಮ್ಮ ಲಾಗ್‌ನಲ್ಲಿ ನಾವೇ ಕಳುಹಿಸಿದ ನೋಟಿಫಿಕೇಶನ್ ಇತ್ತು: ಕೋಡ್ 4, ಹೋಲ್ಡ್ ಟೈಮರ್ ಮುಗಿದಿದೆ. ಪಿಂಗ್ ಮಾತ್ರ ಒಂದೂ ತಪ್ಪದೆ ಹೋಗುತ್ತಿತ್ತು. ಅಂಕಿ ಇಷ್ಟು ನಿಖರವಾಗಿ ಹೋಲ್ಡ್ ಅವಧಿಗೆ ಸಮನಾಗಿದ್ದರೆ ಲಿಂಕಿನ ಗುಣಮಟ್ಟವನ್ನಲ್ಲ, ಎಂಟಿಯುವನ್ನು, ಅಂದರೆ ಲಿಂಕ್ ಹೊರಬಲ್ಲ ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು, ಅನುಮಾನಿಸಬೇಕು.

ನಡೆಯುವುದು ಹೀಗೆ. ಓಪನ್ ಸಂದೇಶ ಚಿಕ್ಕದು, ಕೀಪ್‌ಅಲೈವ್ ಕೇವಲ 19 ಬೈಟ್. ಇವೆರಡೂ ಯಾವ ಸಂದಿಯಲ್ಲಾದರೂ ನುಸುಳುತ್ತವೆ, ಸೆಷನ್ ಏರ್ಪಡುತ್ತದೆ. ಕೂಡಲೇ ಅಪ್‌ಸ್ಟ್ರೀಮ್ ಇಡೀ ಕೋಷ್ಟಕವನ್ನು ಕಳುಹಿಸಲು ತೊಡಗುತ್ತದೆ, ಅಪ್‌ಡೇಟ್ ಸಂದೇಶ 4096 ಬೈಟ್‌ವರೆಗೆ ಇರಬಹುದಾದ್ದರಿಂದ ಟಿಸಿಪಿ ತನ್ನ ಪ್ಯಾಕೆಟ್‌ಗಳನ್ನು ಪೂರ್ಣ ಗಾತ್ರಕ್ಕೆ ತುಂಬುತ್ತದೆ, ಅಷ್ಟು ದೊಡ್ಡ ಪ್ಯಾಕೆಟ್ ದಾರಿಯಲ್ಲಿ ಎಲ್ಲೋ ಬಿದ್ದುಹೋಗುತ್ತದೆ. ಟಿಸಿಪಿಯಲ್ಲಿ ಮೊದಲು ಕಳುಹಿಸಿದ್ದು ತಲುಪದೆ ಅದರ ನಂತರದ್ದನ್ನು ಒಪ್ಪಿಸುವಂತಿಲ್ಲ, ಹಾಗಾಗಿ ಅದರ ಬೆನ್ನಿಗೆ ನಿಂತ ಕೀಪ್‌ಅಲೈವ್‌ಗಳೂ ಸಿಕ್ಕಿಬೀಳುತ್ತವೆ, ನಮ್ಮ ಹೋಲ್ಡ್ ಟೈಮರ್ ಸುಮ್ಮನೆ ಕಾಯ್ದು ಮುಗಿಯುತ್ತದೆ. ಆ ಕಡೆಯವರಿಗೆ ನಮ್ಮ ಕೀಪ್‌ಅಲೈವ್‌ಗಳು ತಪ್ಪದೆ ತಲುಪುತ್ತಿರುವುದರಿಂದ, ತೊಂದರೆ ನಿಮ್ಮದೇ ಎಂದು ಅವರು ಹೇಳಿದರೆ ಅದರಲ್ಲಿ ಅವರ ತಪ್ಪಿಲ್ಲ. ನಮಗೂ ಹಾಗೆಯೇ ಹೇಳಿದರು.

ತುಂಡಾಗಿಸದಂತೆ ಗುರುತು ಹಾಕಿ, 1472 ಬೈಟ್‌ನ ಪಿಂಗ್ ಕಳುಹಿಸಿದಾಗ (28 ಬೈಟ್ ಶಿರೋಭಾಗ ಸೇರಿದರೆ ಅದು 1500) ಉತ್ತರ ಬರಲಿಲ್ಲ, ತುಂಡಾಗಿಸಬೇಕಿದೆ ಎಂಬ ಐಸಿಎಂಪಿ ಸಂದೇಶವೂ ಬರಲಿಲ್ಲ. ಇಳಿಸುತ್ತ ಹೋದಾಗ 1412 ದಾಟಿತು, 1413 ದಾಟಲಿಲ್ಲ. ಅಂದರೆ ದಾರಿಯ ಮಿತಿ 1440. ನಡುವೆ ಎರಡನೇ ಪದರದಲ್ಲಿ ನಮ್ಮ ಲಿಂಕನ್ನು ಹೊತ್ತೊಯ್ಯುವವರ ಟನಲ್ ಇತ್ತು. ಅಂಥಲ್ಲಿ ಬೀಳುವ ಪ್ಯಾಕೆಟ್‌ಗೆ ದೂರು ಹೇಳುವವರಿರುವುದಿಲ್ಲ. ಹಳೆಯ ಯಂತ್ರದಲ್ಲಿ ಆ ಇಂಟರ್‌ಫೇಸ್‌ಗೆ 1440 ಎಂಬ ಎಂಟಿಯುವನ್ನು ಯಾರೋ ಎಂದೋ ಕೊಟ್ಟಿದ್ದರು. ಆದರೆ ಅದು ಆಪರೇಟಿಂಗ್ ಸಿಸ್ಟಮ್‌ನ ನೆಟ್‌ವರ್ಕ್ ಕಡತದಲ್ಲಿತ್ತು, ನಾವು ಜೋಪಾನವಾಗಿ ಹೊತ್ತು ತಂದ ಬಿಜಿಪಿ ಕಡತದಲ್ಲಿ ಇರಲಿಲ್ಲ. ಅದೇ ಮೌಲ್ಯವನ್ನು ಕೊಟ್ಟ ಕೂಡಲೇ ಟಿಸಿಪಿ ಆ ಕಡೆಗೆ ಚಿಕ್ಕ ಎಂಎಸ್ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬಬಹುದಾದ ದತ್ತಾಂಶದ ಮಿತಿ) ಹೇಳಿ ಸೆಷನ್ ಸ್ಥಿರವಾಯಿತು. ಇಂಟರ್‌ಫೇಸನ್ನು ಮುಟ್ಟಲಾಗದವರು ‘ನೇಬರ್’ ಸಾಲಿನ ‘ಟಿಸಿಪಿ-ಎಂಎಸ್ಎಸ್’ ಆಯ್ಕೆಯಿಂದ ಸೆಷನ್ನನ್ನು ಉಳಿಸಿಕೊಳ್ಳಬಹುದು, ಆದರೆ ಅದು ಬಿಜಿಪಿಗೆ ಮಾತ್ರ. ಗ್ರಾಹಕರ ಸಂಚಾರಕ್ಕೆ ಫೈರ್‌ವಾಲ್‌ನಲ್ಲಿ ಎಂಎಸ್ಎಸ್ ಇಳಿಸುವ ನಿಯಮ ಬೇರೆಯೇ ಬೇಕು.

ಬಿಜಿಪಿ ಸರಿ, ಪ್ಯಾಕೆಟ್ ಮಾತ್ರ ಹೋಗದು

ಎರಡು ಸೆಷನ್‌ಗಳೂ ನಿಂತ ಮೇಲೆ ಕೆಲವು ಗ್ರಾಹಕರಿಗೆ ಕೆಲವು ತಾಣಗಳು ಸಿಗುತ್ತಿರಲಿಲ್ಲ. ಒಂದು ಅಪ್‌ಸ್ಟ್ರೀಮ್‌ನಿಂದ ಹೋದದ್ದು ಇನ್ನೊಂದರಿಂದ ಮರಳಿ ಬರುವುದು ಇಂಟರ್‌ನೆಟ್‌ನಲ್ಲಿ ಸಹಜ. ಆದರೆ ನಮ್ಮ ಲಿನಕ್ಸ್ ಡಿಸ್ಟ್ರಿಬ್ಯೂಷನ್, ಪ್ಯಾಕೆಟ್ ತಕ್ಕ ಬಾಗಿಲಿನಿಂದ ಬಂದಿದೆಯೇ ಎಂದು ಪರೀಕ್ಷಿಸುವ ‘ಆರ್‌ಪಿ-ಫಿಲ್ಟರ್’ ಅನ್ನು 1ರಲ್ಲಿ, ಅಂದರೆ ಕಟ್ಟುನಿಟ್ಟಾಗಿ ಇಟ್ಟಿತ್ತು, ಹಾಗಾಗಿ ಬೇರೆ ಬಾಗಿಲಿನಿಂದ ಮರಳಿದ ಪ್ಯಾಕೆಟ್‌ಗಳನ್ನು ಕರ್ನಲ್ ನಂಬದೆ ಎಸೆಯುತ್ತಿತ್ತು. ‘ಎನ್‌ಸ್ಟ್ಯಾಟ್’ನಲ್ಲಿ ರಿವರ್ಸ್ ಪಾತ್ ಫಿಲ್ಟರ್‌ನ ಎಣಿಕೆ ಏರುತ್ತಿದ್ದದ್ದು ಸಾಕ್ಷಿ. ಅಪ್‌ಸ್ಟ್ರೀಮ್ ಇಂಟರ್‌ಫೇಸ್‌ಗಳಲ್ಲಿ ಅದನ್ನು 2ಕ್ಕೆ, ಅಂದರೆ ಸಡಿಲ ಪರೀಕ್ಷೆಗೆ, ಬದಲಿಸಿದೆವು.

ಇದೇ ಗುಂಪಿಗೆ ಸೇರಿದ ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ. ನಿಮ್ಮಲ್ಲಿ ಎರಡು ರೂಟರ್‌ಗಳಿದ್ದು ಅವುಗಳ ನಡುವೆ ಒಳ ಬಿಜಿಪಿ ಇದ್ದರೆ, ಅದು ನೆಕ್ಸ್ಟ್‌ಹಾಪ್ ಬದಲಿಸುವುದಿಲ್ಲ. ‘ನೆಕ್ಸ್ಟ್-ಹಾಪ್-ಸೆಲ್ಫ್’ ಬರೆಯದಿದ್ದರೆ ಎರಡನೆಯ ರೂಟರಿನಲ್ಲಿ ಮಾರ್ಗಗಳು ಕಾಣುತ್ತವೆ, ಆಯ್ಕೆಯಾಗುವುದಿಲ್ಲ, ಮತ್ತು ‘ಶೋ ಐಪಿ ಎನ್‌ಎಚ್‌ಟಿ’ ಅದನ್ನು ಹೇಳುತ್ತದೆ. ಐಪಿವಿ6 ನೆರೆಯ ಸಾಲಿನಲ್ಲಿ ‘ನೋನೆಗ್’ ಕಂಡರೆ ಆ ವಿಭಾಗದಲ್ಲಿ ‘ಆಕ್ಟಿವೇಟ್’ ಬಿಟ್ಟುಹೋಗಿದೆ, ನಿಮ್ಮ ಕಡೆ ಅಥವಾ ಅವರ ಕಡೆ. ‘ಐಡಲ್’ನ ಪಕ್ಕ ಆವರಣದಲ್ಲಿ ‘ಪಿಎಫ್ಎಕ್ಸ್‌ಸಿಟಿ’ ಎಂದಿದ್ದರೆ ಗರಿಷ್ಠ ಪ್ರಿಫಿಕ್ಸ್ ಮಿತಿ ಮೀರಿದೆ. ಮಿತಿ ಏರಿಸಿ ಕ್ಲಿಯರ್ ಮಾಡುವ ಮೊದಲು ಅಷ್ಟೊಂದು ಮಾರ್ಗ ಏಕೆ ಬಂತೆಂದು ಆ ಕಡೆಯವರನ್ನು ಕೇಳುವುದು ಲೇಸು.

ಎಲ್ಲ ಸರಿಯಾಯಿತೆಂದು ಬೆಳಗಿನ ಜಾವ ಯಂತ್ರವನ್ನು ಒಮ್ಮೆ ರೀಬೂಟ್ ಮಾಡಿ ನೋಡಿದೆವು. ಎರಡೂ ಸೆಷನ್‌ಗಳು ಎದ್ದವು, ಮಾರ್ಗಗಳು ಬಂದವು, ನಮ್ಮ ಬ್ಲಾಕ್ ಮತ್ತೆ ಹೊರಗೆ ಹೋಗಲಿಲ್ಲ. ಬ್ಲ್ಯಾಕ್‌ಹೋಲ್ ಮಾರ್ಗವನ್ನು ಅವಸರದಲ್ಲಿ ವಿಟಿವೈಶೆಲ್‌ನಲ್ಲಿ ಬರೆಯದೆ ಲಿನಕ್ಸ್‌ನ ಐಪಿ ಆದೇಶದಿಂದ ನೇರ ಕರ್ನಲ್‌ಗೆ ಸೇರಿಸಿದ್ದೆವು. ಜೀಬ್ರಾ ಅದನ್ನು ಕರ್ನಲ್ ಮಾರ್ಗವೆಂದು ಕಲಿತು ಬಿಜಿಪಿಯನ್ನು ತೃಪ್ತಿಪಡಿಸಿತ್ತು, ರೀಬೂಟ್‌ನಲ್ಲಿ ಅದು ಅಳಿಸಿಹೋಯಿತು. ಈ ಸಲ ಅದನ್ನು ಎಫ್‌ಆರ್‌ಆರ್‌ನಲ್ಲೇ ಸ್ಥಿರ ಮಾರ್ಗವಾಗಿ ಬರೆದು, ‘ರೈಟ್ ಮೆಮೊರಿ’ ಕೊಟ್ಟು, ಮತ್ತೊಮ್ಮೆ ರೀಬೂಟ್ ಮಾಡಿದೆವು. ಕಳುಹಿಸಿದ ಪ್ರಿಫಿಕ್ಸ್‌ಗಳ ಕಾಲಂನಲ್ಲಿ ಎರಡು ಸಾಲಿನಲ್ಲೂ 1 ಎಂದು ಬಂತು.